ಒಂದೇ ಸೀಸನ್, ಹಲವು ಚಾಂಪಿಯನ್‌ಗಳು: ರೇಸ್ ಚಾಲಕರನ್ನು ಅಳೆಯುವ ಬೇರೆ ಬೇರೆ ದಾರಿಗಳು

2008ರ ನವೆಂಬರ್ 2ರಂದು ಬ್ರೆಜಿಲ್‌ನ ಇಂಟರ್‌ಲಾಗೋಸ್ ಟ್ರ್ಯಾಕ್‌ನಲ್ಲಿ ಫೆಲಿಪೆ ಮಾಸಾ ತವರಿನ ಜನರೆದುರು ರೇಸ್ ಗೆದ್ದರು. ಕೆಲವು ಸೆಕೆಂಡು ಅವರೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್. ಅಷ್ಟರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಕೊನೆಯ ಲ್ಯಾಪ್‌ನ ಕೊನೆಯ ತಿರುವಿನ ಹೊತ್ತಿಗೆ ಟಿಮೊ ಗ್ಲಾಕ್ ಅವರನ್ನು ದಾಟಿ ಐದನೆಯ ಸ್ಥಾನಕ್ಕೆ ಬಂದರು. ಗ್ಲಾಕ್ ಆಗ ಮಳೆಯಲ್ಲಿ ಒಣ ಟೈರ್ ಹಾಕಿಕೊಂಡೇ ಓಡಿಸುತ್ತಿದ್ದರು. ಲೆಕ್ಕ ಮುಗಿದಾಗ ಹ್ಯಾಮಿಲ್ಟನ್ 98, ಮಾಸಾ 97. ಪಟ್ಟ ಹ್ಯಾಮಿಲ್ಟನ್ ಪಾಲಾಯಿತು.

ಆ ವರ್ಷ ಮಾಸಾ 6 ರೇಸ್ ಗೆದ್ದಿದ್ದರು, ಹ್ಯಾಮಿಲ್ಟನ್ 5. ಹೆಚ್ಚು ಗೆದ್ದವರು ಎರಡನೆಯವರಾಗಿದ್ದು ಸರಿಯೇ ಎಂಬ ಜಗಳ ಅಭಿಮಾನಿಗಳ ನಡುವೆ ಇಂದಿಗೂ ಮುಗಿದಿಲ್ಲ. ಅದು ಮುಗಿಯದಿರುವುದಕ್ಕೆ ಕಾರಣ, ಎರಡೂ ಕಡೆಯವರು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ. ಒಬ್ಬರು ಕೇಳುವುದು ‘ಯಾರು ಹೆಚ್ಚು ಗೆದ್ದರು?’ ಎಂದು. ಇನ್ನೊಬ್ಬರು ಕೇಳುವುದು ‘ವರ್ಷವಿಡೀ ಯಾರು ಮುಂದಿನ ಸಾಲಿನಲ್ಲೇ ಉಳಿದರು?’ ಎಂದು. ಯಾವುದೇ ಅಂಕ ಪದ್ಧತಿಯ ಹಿಂದೆ ಇಂಥದೊಂದು ಪ್ರಶ್ನೆ ಇದ್ದೇ ಇರುತ್ತದೆ. ಪ್ರಶ್ನೆಯನ್ನು ಮೊದಲು ಗೊತ್ತುಮಾಡಿಕೊಂಡರೆ ಅಂಕಪಟ್ಟಿಯನ್ನು ಓದುವುದೂ ಸುಲಭ, ನಿಮ್ಮದೇ ಪಟ್ಟಿ ಕಟ್ಟುವುದೂ ಸುಲಭ. ಒಂದು ಸೀಸನ್ನಿನ ಫಲಿತಾಂಶ, ಕಾಗದ, ಪೆನ್ನು ಇದ್ದರೆ ಸಾಕು. ಇದರಲ್ಲಿ ಬಹುಪಾಲು ಕೂಡುವ, ಕಳೆಯುವ ಲೆಕ್ಕವೇ.

ಎರಡನೆಯ ಸ್ಥಾನದ ಬೆಲೆ ಎಷ್ಟು?

ಯಾವ ಅಂಕ ಪದ್ಧತಿ ಸಿಕ್ಕರೂ ಮೊದಲು ನೋಡಬೇಕಾದ್ದು ಒಂದೇ: ಗೆದ್ದವರಿಗೆ ಸಿಗುವ ಅಂಕದಲ್ಲಿ ಎರಡನೆಯವರಿಗೆ ಶೇಕಡ ಎಷ್ಟು ಸಿಗುತ್ತದೆ? ಆ ಪದ್ಧತಿ ಗೆಲುವಿನ ಕಡೆಗಿದೆಯೋ ಸ್ಥಿರತೆಯ ಕಡೆಗಿದೆಯೋ ಎಂಬುದು ಇದರಿಂದ ಗೊತ್ತಾಗುತ್ತದೆ.

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಶುರುವಾದಾಗ ಮೊದಲ ಐವರಿಗೆ 8-6-4-3-2 ಅಂಕ ಕೊಡುತ್ತಿದ್ದರು. ಜೊತೆಗೆ ಅತಿ ವೇಗದ ಲ್ಯಾಪ್‌ಗೆ ಒಂದು ಅಂಕವಿತ್ತು. ಎರಡನೆಯ ಸ್ಥಾನದ ಬೆಲೆ ಗೆಲುವಿನ ಶೇ 75. 1961ರಿಂದ 9-6-4-3-2-1 ಬಂತು, ಬೆಲೆ ಶೇ 67ಕ್ಕೆ ಇಳಿಯಿತು. 1991ರಲ್ಲಿ ಗೆಲುವಿಗೆ 10 ಅಂಕವಾದಾಗ ಅದು ಶೇ 60. ಅಂದರೆ ಪ್ರತಿ ಬದಲಾವಣೆಯಲ್ಲೂ ಗೆಲುವಿನ ತೂಕ ಹೆಚ್ಚುತ್ತಲೇ ಹೋಯಿತು.

2002ರಲ್ಲಿ ಮೈಕೆಲ್ ಶೂಮಾಕರ್ 17 ರೇಸ್‌ಗಳಲ್ಲಿ 11 ಗೆದ್ದು ಜುಲೈ ತಿಂಗಳಲ್ಲೇ ಚಾಂಪಿಯನ್ ಆಗಿಬಿಟ್ಟರು. ಇನ್ನೂ ಆರು ರೇಸ್ ಬಾಕಿ ಇದ್ದವು. ಪೈಪೋಟಿ ಇಷ್ಟು ಬೇಗ ಮುಗಿಯಬಾರದೆಂದು 2003ರಿಂದ 10-8-6-5-4-3-2-1 ತಂದರು. ಎರಡನೆಯ ಸ್ಥಾನದ ಬೆಲೆ ಒಮ್ಮೆಲೇ ಶೇ 80ಕ್ಕೆ ಏರಿತು. ಪರಿಣಾಮ ಮೊದಲ ವರ್ಷವೇ ಕಂಡಿತು. 2003ರಲ್ಲಿ ಶೂಮಾಕರ್ 6 ರೇಸ್ ಗೆದ್ದು 93 ಅಂಕ ಪಡೆದರೆ, ಒಂದೇ ಒಂದು ರೇಸ್ ಗೆದ್ದ ಕಿಮಿ ರೈಕೋನೆನ್ 91 ಅಂಕದೊಂದಿಗೆ ಬೆನ್ನ ಹಿಂದೆಯೇ ಇದ್ದರು.

2010ರಿಂದ ಮೊದಲ ಹತ್ತು ಮಂದಿಗೆ 25-18-15-12-10-8-6-4-2-1 ಅಂಕ. ಇಲ್ಲಿ ಎರಡನೆಯ ಸ್ಥಾನ ಗೆಲುವಿನ ಶೇ 72. ಮೋಟೊಜಿಪಿ ಬೈಕ್ ರೇಸ್‌ನಲ್ಲಿ 25ಕ್ಕೆ 20, ಅಮೆರಿಕದ ಇಂಡಿಕಾರ್‌ನಲ್ಲಿ 50ಕ್ಕೆ 40. ಎರಡರಲ್ಲೂ ಶೇ 80. 25, 50 ಎಂಬ ದೊಡ್ಡ ಸಂಖ್ಯೆ ಕಂಡು ಗೆಲುವಿಗೆ ಹೆಚ್ಚು ಬೆಲೆ ಬಂತೆಂದು ತಿಳಿಯಬಾರದು. ಅಂಕಗಳ ನಡುವಿನ ಪ್ರಮಾಣವೇ ಮುಖ್ಯ.

2008ನ್ನು ಮತ್ತೆ ಲೆಕ್ಕ ಹಾಕೋಣ

ಈಗ ಆ ವರ್ಷದ 18 ರೇಸ್‌ಗಳನ್ನು ಬಿಡಿಸಿಟ್ಟುಕೊಳ್ಳಿ. ಹ್ಯಾಮಿಲ್ಟನ್ ಲೆಕ್ಕದಲ್ಲಿ 5 ಗೆಲುವು, 2 ಎರಡನೆಯ ಸ್ಥಾನ, 3 ಮೂರನೆಯ ಸ್ಥಾನ, 3 ಐದನೆಯ ಸ್ಥಾನ, ತಲಾ ಒಂದು ಏಳನೆಯ ಮತ್ತು ಹತ್ತನೆಯ ಸ್ಥಾನ. ಮಾಸಾ ಲೆಕ್ಕದಲ್ಲಿ 6 ಗೆಲುವು, 2 ಎರಡನೆಯ ಸ್ಥಾನ, 2 ಮೂರನೆಯ ಸ್ಥಾನ, ತಲಾ ಒಂದು ಐದು, ಆರು, ಏಳನೆಯ ಸ್ಥಾನ. ಉಳಿದ ರೇಸ್‌ಗಳಲ್ಲಿ ಇಬ್ಬರೂ ಮೊದಲ ಹತ್ತರಲ್ಲಿಲ್ಲ. ಇದೇ ಫಲಿತಾಂಶವನ್ನು ಬೇರೆ ಬೇರೆ ಕಾಲದ ಪದ್ಧತಿಗೆ ಹಾಕಿದರೆ ಹೀಗಾಗುತ್ತದೆ:

- 2003ರ ಪದ್ಧತಿ (ಆಗ ಜಾರಿಯಲ್ಲಿದ್ದದ್ದು): ಹ್ಯಾಮಿಲ್ಟನ್ 98, ಮಾಸಾ 97
- 2010ರ ಪದ್ಧತಿ: ಹ್ಯಾಮಿಲ್ಟನ್ 243, ಮಾಸಾ 240
- 1991ರ ಪದ್ಧತಿ: ಮಾಸಾ 83, ಹ್ಯಾಮಿಲ್ಟನ್ 80
- 1961ರ ಅಂಕಗಳು: ಮಾಸಾ 77, ಹ್ಯಾಮಿಲ್ಟನ್ 75
- 1950ರ ಅಂಕಗಳು, ವೇಗದ ಲ್ಯಾಪ್ ಬಿಟ್ಟು: ಇಬ್ಬರಿಗೂ 70

ಕೊನೆಯ ಸಾಲಿಗೆ ವೇಗದ ಲ್ಯಾಪ್ ಅಂಕಗಳನ್ನು ಸೇರಿಸಿದರೆ ಮಾಸಾಗೆ 3, ಹ್ಯಾಮಿಲ್ಟನ್‌ಗೆ 1 ಸಿಕ್ಕು, ಮಾಸಾ 73-71ರಿಂದ ಮುಂದಾಗುತ್ತಾರೆ.

ಅಂಕವನ್ನೇ ಪಕ್ಕಕ್ಕಿಟ್ಟು ಇನ್ನೆರಡು ಸರಳ ಅಳತೆ ಹಿಡಿಯಬಹುದು. ಮೊದಲನೆಯದು ಮುಖಾಮುಖಿ ಲೆಕ್ಕ: ಪ್ರತಿ ರೇಸ್‌ನಲ್ಲಿ ಇಬ್ಬರಲ್ಲಿ ಯಾರು ಮುಂದೆ ಮುಗಿಸಿದರು ಎಂದಷ್ಟೇ ಎಣಿಸುವುದು. 18ರಲ್ಲಿ ಮಾಸಾ 10 ಬಾರಿ, ಹ್ಯಾಮಿಲ್ಟನ್ 8 ಬಾರಿ ಮುಂದಿದ್ದರು. ಎರಡನೆಯದು ಮಧ್ಯಾಂಕ: ಚಾಲಕನ ಎಲ್ಲ ಸ್ಥಾನಗಳನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು, ರೇಸ್ ಪೂರೈಸದಿದ್ದವನ್ನು ಕೊನೆಗಿಟ್ಟು, ನಡುವಿನದನ್ನು ಆರಿಸುವುದು. ಸರಾಸರಿಗಿಂತ ಇದು ನಂಬಿಕಸ್ಥ ಅಳತೆ. ಒಂದು ಅಪಘಾತವೋ ಎಂಜಿನ್ ಕೆಟ್ಟದ್ದೋ ಇಡೀ ವರ್ಷದ ಚಿತ್ರವನ್ನು ಕೆಡಿಸಲು ಇದು ಬಿಡುವುದಿಲ್ಲ. 2008ರಲ್ಲಿ ಇಬ್ಬರ ಮಧ್ಯಾಂಕವೂ 3.

ಈ ಲೆಕ್ಕಗಳನ್ನು ನೋಡಿ ‘ಹಾಗಾದರೆ ಪಟ್ಟ ಮಾಸಾಗೆ ಸೇರಬೇಕಿತ್ತು’ ಎಂದು ತೀರ್ಮಾನಿಸಬೇಕಿಲ್ಲ. ಇಬ್ಬರೂ ಎಷ್ಟು ಸಮಸಮವಾಗಿದ್ದರೆಂದರೆ, ಪದ್ಧತಿಯ ಸಣ್ಣ ಓಲಾಟವೂ ಫಲಿತಾಂಶವನ್ನು ತಿರುಗಿಸುತ್ತದೆ. ಎಲ್ಲ ಅಳತೆಯಲ್ಲೂ ಒಬ್ಬರೇ ಮುಂದಿದ್ದರೆ ಅದು ಗಟ್ಟಿ ಚಾಂಪಿಯನ್‌ಶಿಪ್. ಅಳತೆ ಬದಲಾದಂತೆ ಹೆಸರೂ ಬದಲಾಗುತ್ತಿದ್ದರೆ ಆ ವರ್ಷ ಇಬ್ಬರೂ ಯೋಗ್ಯರೇ. ಹಲವು ಪದ್ಧತಿಗಳಲ್ಲಿ ಲೆಕ್ಕ ಹಾಕುವುದರಿಂದ ಸಿಗುವ ಮೊದಲ ಪ್ರಯೋಜನ ಇದು.

ಗೆಲುವಿಗೇ ಪಟ್ಟ ಕೊಟ್ಟರೆ?

2008ರ ಕೊನೆಗೆ ಫಾರ್ಮುಲಾ ಒನ್‌ನ ವಾಣಿಜ್ಯ ಮುಖ್ಯಸ್ಥ ಬರ್ನಿ ಎಕ್ಲೆಸ್ಟನ್ ಒಲಿಂಪಿಕ್ಸ್ ಮಾದರಿಯ ಪದಕ ಪದ್ಧತಿಯನ್ನು ಮುಂದಿಟ್ಟರು. ಮೊದಲ ಮೂವರಿಗೆ ಚಿನ್ನ, ಬೆಳ್ಳಿ, ಕಂಚು. ಹೆಚ್ಚು ಚಿನ್ನ ಗೆದ್ದವರೇ ಚಾಂಪಿಯನ್. ಇದರ ಜಾಡಿನಲ್ಲೇ 2009ರ ಮಾರ್ಚ್‌ನಲ್ಲಿ, ಹೆಚ್ಚು ರೇಸ್ ಗೆದ್ದವರಿಗೆ ಪಟ್ಟ ಎಂಬ ನಿಯಮಕ್ಕೆ ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟವಾದ ಎಫ್‌ಐಎ ಒಪ್ಪಿಗೆಯನ್ನೂ ಕೊಟ್ಟಿತು. ತಂಡಗಳು ತೀವ್ರವಾಗಿ ವಿರೋಧಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟಿತು.

ಈ ವಾದದ ಬಲ ತಿಳಿಯಲು 1958ಕ್ಕೆ ಹೋಗಬೇಕು. ಆ ವರ್ಷ ಸ್ಟರ್ಲಿಂಗ್ ಮಾಸ್ 4 ರೇಸ್ ಗೆದ್ದರು, ಮೈಕ್ ಹಾಥಾರ್ನ್ ಗೆದ್ದದ್ದು ಒಂದೇ ಒಂದು. ಚಾಂಪಿಯನ್ ಆದವರು ಹಾಥಾರ್ನ್. 42 ಅಂಕ ಅವರಿಗೆ, 41 ಮಾಸ್‌ಗೆ. ಆಗ ಪ್ರತಿಯೊಬ್ಬರ ಅತ್ಯುತ್ತಮ 6 ಫಲಿತಾಂಶಗಳನ್ನು ಮಾತ್ರ ಎಣಿಸುತ್ತಿದ್ದರು. ಹಾಥಾರ್ನ್ ಲೆಕ್ಕಕ್ಕೆ ಬಂದದ್ದು ಒಂದು ಗೆಲುವು ಮತ್ತು ಐದು ಎರಡನೆಯ ಸ್ಥಾನ: 8 ಮತ್ತು 30, ಒಟ್ಟು 38. ಮಾಸ್ ಲೆಕ್ಕದಲ್ಲಿ ನಾಲ್ಕು ಗೆಲುವು, ಒಂದು ಎರಡನೆಯ ಸ್ಥಾನ: 32 ಮತ್ತು 6, ಅದೂ 38. ಇಬ್ಬರನ್ನು ಬೇರ್ಪಡಿಸಿದ್ದು ವೇಗದ ಲ್ಯಾಪ್ ಅಂಕಗಳು ಮಾತ್ರ. ಎಣಿಕೆಗೆ ಬಂದ ರೇಸ್‌ಗಳಲ್ಲಿ ಹಾಥಾರ್ನ್‌ಗೆ ಅಂಥವು ನಾಲ್ಕು ಸಿಕ್ಕಿದ್ದವು, ಮಾಸ್‌ಗೆ ಮೂರು.

ಅದರಲ್ಲೂ ಪೋರ್ಚುಗಲ್ ರೇಸ್‌ನ ಕಥೆ ಮನಸ್ಸು ತಟ್ಟುವಂಥದು. ಅಲ್ಲಿ ಎರಡನೆಯವರಾದ ಹಾಥಾರ್ನ್ ಟ್ರ್ಯಾಕ್ ಮೇಲೆ ಎದುರು ದಿಕ್ಕಿನಲ್ಲಿ ಕಾರು ಓಡಿಸಿದರೆಂಬ ದೂರು ಬಂತು. ಅವರನ್ನು ಅನರ್ಹಗೊಳಿಸುವ ಮಾತಾಯಿತು. ಆಗ ಹಾಥಾರ್ನ್ ಪರವಾಗಿ ಸಾಕ್ಷಿ ಹೇಳಿದವರು ಮಾಸ್. ಹಾಥಾರ್ನ್ ಸ್ಥಾನ ಉಳಿಯಿತು, ಅದರೊಂದಿಗೆ 7 ಅಂಕವೂ ಉಳಿಯಿತು. ಮಾಸ್ ಪಟ್ಟ ಕಳೆದುಕೊಂಡದ್ದು ಒಂದು ಅಂಕದಿಂದ. 1955ರಿಂದ 1958ರವರೆಗೆ ಸತತ ನಾಲ್ಕು ವರ್ಷ ಎರಡನೆಯವರಾದ ಮಾಸ್ ಕೊನೆಗೂ ವಿಶ್ವ ಚಾಂಪಿಯನ್ ಆಗಲಿಲ್ಲ.

ಗೆಲುವನ್ನೇ ಎಣಿಸುವ ಪದ್ಧತಿಗೂ ದೊಡ್ಡ ಕೊರತೆಯಿದೆ. ಅತಿ ವೇಗದ ಕಾರು ಇರುವ ಒಂದೆರಡು ತಂಡಗಳನ್ನು ಬಿಟ್ಟರೆ ಉಳಿದವರ ದುಡಿಮೆಗೆ ಅಲ್ಲಿ ಬೆಲೆಯೇ ಇಲ್ಲ. ಸಾಧಾರಣ ಕಾರನ್ನು ಆರನೆಯ ಸ್ಥಾನಕ್ಕೆ ತಂದ ಚಾಲಕನೂ, ಕೊನೆಯವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಚಾಂಪಿಯನ್ ಯಾರೆಂದು ಹೇಳಲು ಗೆಲುವಿನ ಎಣಿಕೆ ಒಂದು ದಾರಿಯಾಗಬಹುದು. ಇಪ್ಪತ್ತು ಚಾಲಕರನ್ನು ಸಾಲಾಗಿ ನಿಲ್ಲಿಸಲು ಅದು ಸಾಲದು.

ಕೆಟ್ಟ ದಿನಗಳನ್ನು ಬಿಟ್ಟು ಎಣಿಸುವುದು

ಅತ್ಯುತ್ತಮ ಫಲಿತಾಂಶಗಳನ್ನಷ್ಟೇ ಎಣಿಸುವ ರೂಢಿ ಫಾರ್ಮುಲಾ ಒನ್‌ನಲ್ಲಿ 1990ರವರೆಗೂ ಇತ್ತು. ಆಗಿನ ಕಾರುಗಳು ಪದೇ ಪದೇ ಕೆಟ್ಟು ನಿಲ್ಲುತ್ತಿದ್ದವು. ಯಂತ್ರದ ತಪ್ಪಿಗೆ ಚಾಲಕನಿಗೆ ಶಿಕ್ಷೆಯಾಗಬಾರದು ಎಂಬ ಆಲೋಚನೆ ಇದರ ಹಿಂದಿತ್ತು.

ಇದರ ಪರಿಣಾಮವನ್ನು ನೋಡಲು 1988ಕ್ಕಿಂತ ಒಳ್ಳೆಯ ವರ್ಷ ಇಲ್ಲ. ಐರ್ಟನ್ ಸೆನ್ನಾ, ಅಲೆನ್ ಪ್ರಾಸ್ಟ್ ಇಬ್ಬರೂ ಮೆಕ್‌ಲಾರೆನ್ ತಂಡದಲ್ಲಿದ್ದರು. 16 ರೇಸ್‌ಗಳಲ್ಲಿ ಅತ್ಯುತ್ತಮ 11 ಮಾತ್ರ ಎಣಿಕೆಗೆ ಬರುತ್ತಿದ್ದವು. ಪ್ರಾಸ್ಟ್ 7 ಗೆಲುವು, 7 ಎರಡನೆಯ ಸ್ಥಾನ ಪಡೆದು ಒಟ್ಟು 105 ಅಂಕ ಗಳಿಸಿದರು. ಸೆನ್ನಾ 8 ಗೆಲುವು, 3 ಎರಡನೆಯ ಸ್ಥಾನ, ಒಂದು ನಾಲ್ಕನೆಯ, ಒಂದು ಆರನೆಯ ಸ್ಥಾನದೊಂದಿಗೆ 94 ಗಳಿಸಿದರು. ಎಲ್ಲವನ್ನೂ ಕೂಡಿದ್ದರೆ ಪ್ರಾಸ್ಟ್ 11 ಅಂಕ ಮುಂದೆ. ಆದರೆ ಹನ್ನೊಂದನ್ನೇ ಎಣಿಸಿದಾಗ ಪ್ರಾಸ್ಟ್ ಅವರ ಮೂರು ಎರಡನೆಯ ಸ್ಥಾನಗಳು ಲೆಕ್ಕದಿಂದಲೇ ಬಿದ್ದುಹೋಗಿ 87 ಉಳಿಯಿತು. ಸೆನ್ನಾ ಕಳೆದುಕೊಂಡದ್ದು 4 ಅಂಕ ಮಾತ್ರ, 90 ಉಳಿಯಿತು. ಸೆನ್ನಾ ಅವರ ಮೊದಲ ವಿಶ್ವ ಪಟ್ಟ ಹೀಗೆ ಬಂತು.

ಈ ವಿಧಾನವನ್ನು ನೀವೂ ಬಳಸಬಹುದು, ಆದರೆ ಒಂದು ತಿದ್ದುಪಡಿಯೊಂದಿಗೆ. ಯಾಂತ್ರಿಕ ದೋಷದಿಂದ ನಿಂತ ರೇಸ್‌ಗಳನ್ನು ಬಿಡಿ. ಚಾಲಕನೇ ತಪ್ಪು ಮಾಡಿ ಹೊರಬಿದ್ದ ರೇಸ್‌ಗಳನ್ನು ಬಿಡಬೇಡಿ. 2008ರ ಹಂಗೆರಿ ರೇಸ್‌ನಲ್ಲಿ ಮುಂದಿದ್ದ ಮಾಸಾ ಅವರ ಎಂಜಿನ್ ಇನ್ನು ಮೂರು ಲ್ಯಾಪ್ ಇರುವಾಗ ಕೈಕೊಟ್ಟಿತು. ಅದನ್ನು ಅವರ ತಪ್ಪೆಂದು ಎಣಿಸುವುದು ಹೇಗೆ? ಹಳೆಯ ನಿಯಮ ಈ ಎರಡು ಬಗೆಯ ಸೊನ್ನೆಗಳ ನಡುವೆ ವ್ಯತ್ಯಾಸ ಮಾಡಲಿಲ್ಲ. ನೀವು ಮಾಡಬಹುದು.

ಕೊನೆಯ ರೇಸ್‌ಗಳಿಗೆ ಹೆಚ್ಚು ತೂಕ

ಅಮೆರಿಕದ ನ್ಯಾಸ್ಕಾರ್ ಸರಣಿ ಹಿಡಿದ ದಾರಿ ಬೇರೆ. 2003ರಲ್ಲಿ ಮ್ಯಾಟ್ ಕೆನ್ಸೆತ್ ಒಂದೇ ರೇಸ್ ಗೆದ್ದು ಚಾಂಪಿಯನ್ ಆದರು. ಎಂಟು ರೇಸ್ ಗೆದ್ದ ರಯಾನ್ ನ್ಯೂಮನ್ ಆರನೆಯವರಾದರು. ಮರುವರ್ಷವೇ ಕೊನೆಯ ಹತ್ತು ರೇಸ್‌ಗಳಲ್ಲಿ ಆಯ್ದ ಚಾಲಕರ ನಡುವೆ ಮಾತ್ರ ಪಟ್ಟದ ಹೋರಾಟ ಎಂಬ ವ್ಯವಸ್ಥೆ ಬಂತು. 2014ರಲ್ಲಿ ಅದು ಇನ್ನಷ್ಟು ಬಿಗಿಯಾಗಿ, ಹಂತ ಹಂತವಾಗಿ ಚಾಲಕರನ್ನು ಕೈಬಿಡುತ್ತ ಕೊನೆಯ ರೇಸ್‌ಗೆ ನಾಲ್ವರನ್ನು ಉಳಿಸುವ ನಾಕೌಟ್ ಆಯಿತು. ಆ ನಾಲ್ವರಲ್ಲಿ ಮುಂದೆ ಮುಗಿಸಿದವರು ಚಾಂಪಿಯನ್ ಆಗುತ್ತಿದ್ದರು. ಮೊದಲ ವರ್ಷವೇ ಒಂದೂ ರೇಸ್ ಗೆಲ್ಲದ ಅದೇ ನ್ಯೂಮನ್ ಕೊನೆಯ ರೇಸ್‌ನಲ್ಲಿ ಎರಡನೆಯವರಾಗಿ ಪಟ್ಟದ ಹೊಸ್ತಿಲವರೆಗೆ ಬಂದಿದ್ದರು. ಗೆಲುವಿಗೆ ಬೆಲೆ ಬರಲೆಂದು ತಂದ ನಿಯಮದಿಂದ ಗೆಲುವೇ ಇಲ್ಲದವರು ಚಾಂಪಿಯನ್ ಆಗುವ ಸಂದರ್ಭ ಹುಟ್ಟಿತ್ತು.

ಫಾರ್ಮುಲಾ ಒನ್ ಕೂಡ 2014ರ ಕೊನೆಯ ಅಬುಧಾಬಿ ರೇಸ್‌ಗೆ ದುಪ್ಪಟ್ಟು ಅಂಕ ಕೊಟ್ಟು, ಮರುವರ್ಷವೇ ಬಿಟ್ಟಿತು. ಕುತೂಹಲ ಉಳಿಸುವುದಕ್ಕೆ ಇಂಥ ನಿಯಮ ನೆರವಾಗುತ್ತದೆ, ಚಾಲಕನ ಮಟ್ಟ ತಿಳಿಯುವುದಕ್ಕೆ ಅಲ್ಲ. ನಿಮ್ಮ ಪಟ್ಟಿಯಲ್ಲಿ ಮಾರ್ಚ್‌ನ ರೇಸ್‌ಗೂ ಡಿಸೆಂಬರ್‌ನ ರೇಸ್‌ಗೂ ಒಂದೇ ತೂಕ ಇರಲಿ.

ಅಂಕಗಳೇ ಬೇಡದ ಸ್ಪರ್ಧೆಗಳೂ ಉಂಟು. ಲೆ ಮಾನ್ಸ್‌ನಲ್ಲಿ 24 ಗಂಟೆಯಲ್ಲಿ ಹೆಚ್ಚು ದೂರ ಹೋದವರು ಗೆಲ್ಲುತ್ತಾರೆ. ಡಕಾರ್ ರ‍್ಯಾಲಿಯಲ್ಲಿ ಎಲ್ಲ ದಿನಗಳ ಸಮಯ ಕೂಡಿ, ಕಡಿಮೆ ಸಮಯ ತೆಗೆದುಕೊಂಡವರು ಮುಂದೆ. ಅಲ್ಲಿ ಒಂದು ದಿನ ದಾರಿ ತಪ್ಪಿದರೂ ಆ ನಷ್ಟ ಕೊನೆಯವರೆಗೂ ಜೊತೆಗೇ ಬರುತ್ತದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಬೈಕ್ ವಿಭಾಗದಲ್ಲಿ 36ನೆಯವರಾಗಿ ಡಕಾರ್ ಪೂರೈಸಿದ ಮೊದಲ ಭಾರತೀಯರಾದದ್ದು ಇಂಥ ಲೆಕ್ಕದಲ್ಲಿ. ಅಂಕ ಪದ್ಧತಿಯಲ್ಲಿ 36ನೆಯ ಸ್ಥಾನಕ್ಕೆ ಸಿಗುವುದು ಸೊನ್ನೆ. ಸಮಯದ ಲೆಕ್ಕದಲ್ಲಿ ಆ ಸಾಧನೆ ಪೂರ್ತಿಯಾಗಿ ಕಾಣುತ್ತದೆ.

ಎಷ್ಟು ಎನ್ನುವುದಕ್ಕಿಂತ ಎಷ್ಟರಲ್ಲಿ ಎಷ್ಟು

ಬೇರೆ ಬೇರೆ ಕಾಲದ ಚಾಲಕರನ್ನು ಹೋಲಿಸುವಾಗ ಒಟ್ಟು ಗೆಲುವುಗಳನ್ನು ನೋಡಬಾರದು. 1950ರಲ್ಲಿ ವರ್ಷಕ್ಕೆ 7 ರೇಸ್ ಇದ್ದವು, ಈಗ 24ರವರೆಗೂ ಹೋಗಿದೆ. ಹಾಗಾಗಿ ಪ್ರಮಾಣ ತೆಗೆಯಿರಿ. ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ 51 ರೇಸ್‌ಗಳಲ್ಲಿ 24 ಗೆದ್ದರು, ಶೇ 47. ಅದರಲ್ಲಿ ಎರಡು ಗೆಲುವು, ಅಂದಿನ ನಿಯಮದಂತೆ ಒಂದೇ ಕಾರನ್ನು ಇನ್ನೊಬ್ಬ ಚಾಲಕನೊಂದಿಗೆ ಹಂಚಿಕೊಂಡು ಪಡೆದವು. ಜಿಮ್ ಕ್ಲಾರ್ಕ್ 72ರಲ್ಲಿ 25, ಶೇ 35. ಶೂಮಾಕರ್ 306ರಲ್ಲಿ 91, ಶೇ 30. ಸೆನ್ನಾ 161ರಲ್ಲಿ 41, ಶೇ 25. ಪಟ್ಟವೇ ಸಿಗದ ಮಾಸ್ 66ರಲ್ಲಿ 16, ಶೇ 24. ಸೆನ್ನಾ ಅವರ ಪಕ್ಕದಲ್ಲೇ ಮಾಸ್ ನಿಂತಿದ್ದಾರೆ.

ಇನ್ನೊಂದು ಉಪಯುಕ್ತ ಅಳತೆ, ಹಿಂದಿಕ್ಕಿದವರ ಪ್ರಮಾಣ. ರೇಸ್‌ನಲ್ಲಿದ್ದ ಉಳಿದ ಚಾಲಕರಲ್ಲಿ ಎಷ್ಟು ಮಂದಿಗಿಂತ ಮುಂದೆ ಮುಗಿಸಿದರು ಎಂಬುದು. ನಮ್ಮ ದೇಶದ ನರೇನ್ ಕಾರ್ತಿಕೇಯನ್ 2005ರ ಅಮೆರಿಕ ಗ್ರ್ಯಾನ್ ಪ್ರಿಯಲ್ಲಿ ನಾಲ್ಕನೆಯವರಾಗಿ 5 ಅಂಕ ಪಡೆದರು. ಅವರ ಫಾರ್ಮುಲಾ ಒನ್ ಬದುಕಿನ ಎಲ್ಲ ಅಂಕವೂ ಅಷ್ಟೇ. ಆ ದಿನ ಟೈರ್ ಸುರಕ್ಷತೆಯ ಭಯದಿಂದ ಮಿಶೆಲಿನ್ ಟೈರ್ ಬಳಸುವ ತಂಡಗಳೆಲ್ಲ ಹಿಂದೆ ಸರಿದು, ಆರು ಕಾರುಗಳಷ್ಟೇ ಓಡಿದ್ದವು. ಇಪ್ಪತ್ತು ಕಾರಿನ ರೇಸ್‌ನಲ್ಲಿ ನಾಲ್ಕನೆಯ ಸ್ಥಾನವೆಂದರೆ 19ರಲ್ಲಿ 16 ಮಂದಿಯನ್ನು, ಅಂದರೆ ಶೇ 84ರಷ್ಟು ಮಂದಿಯನ್ನು ಹಿಂದಿಕ್ಕಿದಂತೆ. ಆರು ಕಾರಿನಲ್ಲಿ ನಾಲ್ಕನೆಯ ಸ್ಥಾನವೆಂದರೆ ಐವರಲ್ಲಿ ಇಬ್ಬರನ್ನು, ಶೇ 40. ಅಂಕಪಟ್ಟಿ ಎರಡಕ್ಕೂ ಒಂದೇ ಬೆಲೆ ಕಟ್ಟುತ್ತದೆ. ಕಾರ್ತಿಕೇಯನ್ ಮಟ್ಟವನ್ನು ತಿಳಿಯಲು ಆ 5 ಅಂಕವೂ ಸಾಲದು, ಉಳಿದ ರೇಸ್‌ಗಳ ಸೊನ್ನೆಯೂ ಸಾಲದು. ಅವರಿಗೆ ಸಿಕ್ಕದ್ದು ಹೆಚ್ಚಾಗಿ ಹಿಂದಿನ ಸಾಲಿನ ಕಾರುಗಳೇ. ಹಿಂದಿನ ಸಾಲಿನ ಚಾಲಕರನ್ನು ನ್ಯಾಯವಾಗಿ ಅಳೆಯಬೇಕಾದರೆ ಮುಂದಿನ ವಿಧಾನವೇ ಬೇಕು.

ಒಂದೇ ಕಾರು, ಇಬ್ಬರು ಚಾಲಕರು

ರೇಸಿಂಗ್‌ನಲ್ಲಿ ಎಲ್ಲರ ಕಾರೂ ಒಂದೇ ಅಲ್ಲ. ಹೆಚ್ಚುಕಡಿಮೆ ಒಂದೇ ಕಾರು ಇರುವುದು ಟೀಮ್‌ಮೇಟ್‌ಗಳಿಗೆ ಮಾತ್ರ. ಆದ್ದರಿಂದ ಚಾಲಕನ ಕೈಚಳಕವನ್ನು ತೂಗಲು ಅತ್ಯಂತ ನೇರ ದಾರಿ, ಅವನನ್ನು ಟೀಮ್‌ಮೇಟ್ ಪಕ್ಕದಲ್ಲಿ ನಿಲ್ಲಿಸುವುದು. ಮೂರು ಸಾಲು ಬರೆಯಿರಿ: ರೇಸ್ ಶುರುವಾಗುವ ಸ್ಥಾನ ಗೊತ್ತುಮಾಡುವ ಕ್ವಾಲಿಫೈಯಿಂಗ್‌ನಲ್ಲಿ ಯಾರು ಎಷ್ಟು ಬಾರಿ ಮುಂದೆ, ಇಬ್ಬರೂ ಪೂರೈಸಿದ ರೇಸ್‌ಗಳಲ್ಲಿ ಯಾರು ಎಷ್ಟು ಬಾರಿ ಮುಂದೆ, ಅಂಕಗಳಲ್ಲಿ ಯಾರು ಮುಂದೆ.

ಮೂರನೆಯ ಸಾಲೊಂದನ್ನೇ ನಂಬಿದರೆ ಏನಾಗುತ್ತದೆ ನೋಡಿ. 2010ರಿಂದ 2012ರವರೆಗೆ ಹ್ಯಾಮಿಲ್ಟನ್ ಮತ್ತು ಜೆನ್ಸನ್ ಬಟನ್ ಮೆಕ್‌ಲಾರೆನ್‌ನಲ್ಲಿ ಜೊತೆಗಿದ್ದರು. ಮೂರು ವರ್ಷದ ಮೊತ್ತ ಬಟನ್ 672, ಹ್ಯಾಮಿಲ್ಟನ್ 657. ಗೆಲುವುಗಳಲ್ಲಿ ಮಾತ್ರ ಹ್ಯಾಮಿಲ್ಟನ್ 10, ಬಟನ್ 8. 2012ರಲ್ಲಿ ಸಿಂಗಪುರ ಮತ್ತು ಅಬುಧಾಬಿ ಎರಡರಲ್ಲೂ ಮುಂದಿದ್ದ ಹ್ಯಾಮಿಲ್ಟನ್ ಅವರ ಕಾರು ಕೆಟ್ಟು ನಿಂತಿತ್ತು. ಎರಡು ಗೆಲುವೆಂದರೆ 50 ಅಂಕ, ಮೊತ್ತದ ವ್ಯತ್ಯಾಸ 15. ಅಂಕಗಳಲ್ಲಿ ಕಾರಿನ ಆರೋಗ್ಯವೂ ಬೆರೆತಿರುತ್ತದೆ ಎಂಬುದು ಇಲ್ಲಿ ಸ್ಪಷ್ಟ.

ಒಂದೇ ತಂಡದಲ್ಲಿ ಇರದವರನ್ನೂ ಈ ದಾರಿಯಲ್ಲಿ ಹೋಲಿಸಬಹುದು, ನಡುವಿನವರನ್ನು ಕೊಂಡಿಯಾಗಿ ಹಿಡಿದು. 2014ರಲ್ಲಿ ರೆಡ್‌ಬುಲ್‌ನಲ್ಲಿ ಡೇನಿಯಲ್ ರಿಕಾರ್ಡೊ 238, ಸೆಬಾಸ್ಟಿಯನ್ ವೆಟೆಲ್ 167. ಅದೇ ವರ್ಷ ಫೆರಾರಿಯಲ್ಲಿ ಫರ್ನಾಂಡೊ ಅಲೊನ್ಸೊ 161, ರೈಕೋನೆನ್ 55. ಮರುವರ್ಷ ಫೆರಾರಿಗೆ ಬಂದ ವೆಟೆಲ್ 278, ರೈಕೋನೆನ್ 150. ರೈಕೋನೆನ್ ಅವರನ್ನು ಕೊಂಡಿಯಾಗಿ ಹಿಡಿದರೆ ಅಲೊನ್ಸೊ ಮತ್ತು ವೆಟೆಲ್ ಒಂದೇ ಪಟ್ಟಿಗೆ ಬರುತ್ತಾರೆ. ವೆಟೆಲ್ ಅವರನ್ನು ಹಿಡಿದರೆ ರಿಕಾರ್ಡೊ ಕೂಡ.

ಆದರೆ ಕೊಂಡಿ ಉದ್ದವಾದಷ್ಟೂ ಸಡಿಲ. ಯಾವ ಚಾಲಕನೂ ಎಲ್ಲ ವರ್ಷ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಕಾರಿನ ಸ್ವಭಾವ ಒಬ್ಬರಿಗೆ ಒಗ್ಗುತ್ತದೆ, ಇನ್ನೊಬ್ಬರಿಗೆ ಒಗ್ಗುವುದಿಲ್ಲ. 2010ರಿಂದ 2012ರವರೆಗೆ ನಿಕೊ ರಾಸ್‌ಬರ್ಗ್ ಮರ್ಸಿಡಿಸ್‌ನಲ್ಲಿ ಶೂಮಾಕರ್ ಅವರಿಗಿಂತ ಮುಂದಿದ್ದರು. ಆದರೆ ಆ ಶೂಮಾಕರ್ ನಲವತ್ತು ದಾಟಿ, ನಿವೃತ್ತಿಯಿಂದ ಮರಳಿ ಬಂದವರು. ಆ ಫಲಿತಾಂಶವನ್ನು 2002ರ ಶೂಮಾಕರ್‌ಗೆ ಅನ್ವಯಿಸಿದರೆ ತಪ್ಪಾಗುತ್ತದೆ. ಎರಡು ಕೊಂಡಿಗಿಂತ ಹೆಚ್ಚು ದೂರ ಹೋಗದಿರುವುದು ಒಳ್ಳೆಯದು.

ಎಲೊ: ಚೆಸ್‌ನಿಂದ ಬಂದ ಲೆಕ್ಕ

ಈ ಕೊಂಡಿಗಳನ್ನು ಕ್ರಮವಾಗಿ ಲೆಕ್ಕಕ್ಕೆ ತರುವ ವಿಧಾನ ಎಲೊ ರೇಟಿಂಗ್. ಹಂಗೆರಿ ಮೂಲದ ಅಮೆರಿಕನ್ ಭೌತವಿಜ್ಞಾನಿ ಅರ್ಪಾದ್ ಎಲೊ ಇದನ್ನು ಚೆಸ್‌ಗಾಗಿ ರೂಪಿಸಿದರು. ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಅಳವಡಿಸಿಕೊಂಡಿತು. ಇದರ ತಿರುಳು ಇಷ್ಟೇ: ಗೆದ್ದಿರಾ ಎಂಬುದರ ಜೊತೆಗೆ ಯಾರ ವಿರುದ್ಧ ಗೆದ್ದಿರಿ ಎಂಬುದನ್ನೂ ನೋಡುವುದು.

ಒಬ್ಬ ಚಾಲಕನ ರೇಟಿಂಗ್ 1600, ಅವನ ಟೀಮ್‌ಮೇಟ್‌ನದು 1400 ಎಂದಿಟ್ಟುಕೊಳ್ಳಿ. 200ರ ಅಂತರಕ್ಕೆ ಎಲೊ ಸೂತ್ರ ಹೇಳುವ ನಿರೀಕ್ಷೆ, ಮೊದಲನೆಯವನು ಶೇ 76ರಷ್ಟು ಬಾರಿ ಮುಂದಿರಬೇಕು ಎಂದು. ಒಂದು ರೇಸ್‌ಗೆ ಪಣ 20 ಎಂದಾದರೆ, ನಿರೀಕ್ಷೆಯಂತೆ ಅವನೇ ಮುಂದೆ ಬಂದಾಗ ಅವನಿಗೆ 20ರಲ್ಲಿ ಶೇ 24, ಅಂದರೆ 4.8 ಸೇರುತ್ತದೆ, ಟೀಮ್‌ಮೇಟ್‌ನಿಂದ ಅಷ್ಟೇ ಕಳೆಯುತ್ತದೆ. ಚಿಕ್ಕ ರೇಟಿಂಗ್‌ನವನು ಮುಂದೆ ಬಂದರೆ ಅವನಿಗೆ ಶೇ 76, ಅಂದರೆ 15.2 ಸೇರುತ್ತದೆ. ಬಲಶಾಲಿಯನ್ನು ಸೋಲಿಸಿದರೆ ಹೆಚ್ಚು ಲಾಭ, ದುರ್ಬಲನ ಎದುರು ಸೋತರೆ ಹೆಚ್ಚು ನಷ್ಟ.

ಇದನ್ನು ಎರಡು ರೀತಿಯಲ್ಲಿ ಮಾಡಬಹುದು. 20 ಚಾಲಕರಲ್ಲಿ ಪ್ರತಿ ಜೋಡಿಯನ್ನೂ ಒಂದು ಪಂದ್ಯವೆಂದು ಎಣಿಸಿದರೆ ರೇಸ್‌ಗೆ 190 ಪಂದ್ಯ. ಇದಕ್ಕೆ ಕಂಪ್ಯೂಟರ್ ಬೇಕು, ಮತ್ತು ಕಾರಿನ ಬಲವೂ ಒಳಗೆ ಸೇರಿಕೊಳ್ಳುತ್ತದೆ. ಟೀಮ್‌ಮೇಟ್ ಜೋಡಿಗಳನ್ನು ಮಾತ್ರ ಹಿಡಿದರೆ ರೇಸ್‌ಗೆ 10 ಪಂದ್ಯ, ಸ್ಪ್ರೆಡ್‌ಶೀಟ್‌ನಲ್ಲಿ ಆರಾಮವಾಗಿ ಮುಗಿಯುತ್ತದೆ. ಕಾರಿನ ಪ್ರಭಾವವೂ ಬಹುಮಟ್ಟಿಗೆ ಕಳಚುತ್ತದೆ. ಮನೆಯಲ್ಲಿ ಪ್ರಯತ್ನಿಸುವವರು ಎರಡನೆಯದನ್ನೇ ಆರಿಸಿಕೊಳ್ಳಿ.

ಕಾರೆಷ್ಟು, ಚಾಲಕನೆಷ್ಟು?

ಸಂಖ್ಯಾಶಾಸ್ತ್ರಜ್ಞರು ಇದೇ ಆಲೋಚನೆಯನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಶೆಫೀಲ್ಡ್ ವಿಶ್ವವಿದ್ಯಾಲಯದ ಆ್ಯಂಡ್ರ್ಯೂ ಬೆಲ್ ಮತ್ತು ಸಂಗಡಿಗರು 1950ರಿಂದ 2014ರವರೆಗಿನ ಎಲ್ಲ ಫಲಿತಾಂಶಗಳನ್ನು ವಿಶ್ಲೇಷಿಸಿ 2016ರಲ್ಲಿ ಪ್ರಬಂಧ ಪ್ರಕಟಿಸಿದರು. ಚಾಲಕ ಮತ್ತು ತಂಡದ ಪ್ರಭಾವಗಳನ್ನು ಬೇರ್ಪಡಿಸಿ ನೋಡಿದಾಗ, ಸುಮಾರು ಶೇ 86 ತಂಡದ್ದು, ಶೇ 14 ಚಾಲಕನದು ಎಂಬ ಉತ್ತರ ಬಂತು. ತಂಡದ ಪಾಲನ್ನು ಕಳೆದ ಮೇಲೆ ಪಟ್ಟಿಯ ತುದಿಯಲ್ಲಿ ನಿಂತವರು ಫ್ಯಾಂಜಿಯೊ.

ಅದೇ ಅಧ್ಯಯನ ನಮಗೆ ಕೊಡುವ ಇನ್ನೊಂದು ಸುಳಿವು ಹೆಚ್ಚು ಉಪಯುಕ್ತ: ಮಳೆಯಲ್ಲಿ ಮತ್ತು ಊರೊಳಗಿನ ಬೀದಿ ಟ್ರ್ಯಾಕ್‌ಗಳಲ್ಲಿ ತಂಡದ ಪ್ರಭಾವ ಕಡಿಮೆಯಾಗಬಹುದು. ಹಾಗಾಗಿ ಚಾಲಕನನ್ನು ನೋಡಬೇಕೆಂದರೆ ಒದ್ದೆ ರೇಸ್‌ಗಳನ್ನೂ, ಮೊನಾಕೊ, ಸಿಂಗಪುರದಂಥ ಬೀದಿ ರೇಸ್‌ಗಳನ್ನೂ ಬೇರೆಯಾಗಿ ಗುರುತು ಹಾಕಿಟ್ಟುಕೊಳ್ಳಿ.

ನಿಮ್ಮದೇ ಪಟ್ಟಿ ಮಾಡುವ ಕ್ರಮ

1. ಹಾಳೆಯ ಮೇಲ್ತುದಿಯಲ್ಲಿ ಪ್ರಶ್ನೆ ಬರೆಯಿರಿ. ಯಾರು ಹೆಚ್ಚು ಗೆದ್ದರು? ಯಾರು ಹೆಚ್ಚು ಸ್ಥಿರ? ಯಾರು ಕಾರಿನ ಮಿತಿಯನ್ನು ಮೀರಿದರು? ಒಂದು ಪಟ್ಟಿಗೆ ಒಂದೇ ಪ್ರಶ್ನೆ.
2. ಪ್ರತಿ ಚಾಲಕನ ಎಲ್ಲ ಸ್ಥಾನಗಳನ್ನು ಬರೆದು, ಪೂರೈಸದ ರೇಸ್‌ಗಳ ಮುಂದೆ ಕಾರಣ ಗುರುತಿಸಿ: ಯಂತ್ರದ ದೋಷ, ಸ್ವಂತ ತಪ್ಪು, ಬೇರೆಯವರ ತಪ್ಪು.
3. ಮೊದಲ ಪ್ರಶ್ನೆಗೆ ಗೆಲುವುಗಳನ್ನು ಎಣಿಸಿ. ಸಮವಾದರೆ ಎರಡನೆಯ ಸ್ಥಾನಗಳನ್ನು, ಆಮೇಲೆ ಮೂರನೆಯದನ್ನು. 2007ರಲ್ಲಿ ಹ್ಯಾಮಿಲ್ಟನ್, ಅಲೊನ್ಸೊ ಇಬ್ಬರಿಗೂ 109 ಅಂಕ, ತಲಾ 4 ಗೆಲುವು. ಐದು ಬಾರಿ ಎರಡನೆಯವರಾದ ಹ್ಯಾಮಿಲ್ಟನ್ ಮೇಲೆ ನಿಂತದ್ದು ಈ ಕ್ರಮದಿಂದಲೇ.
4. ಎರಡನೆಯ ಪ್ರಶ್ನೆಗೆ ಮಧ್ಯಾಂಕ ಮತ್ತು ಹಿಂದಿಕ್ಕಿದವರ ಪ್ರಮಾಣ.
5. ಮೂರನೆಯ ಪ್ರಶ್ನೆಗೆ ಟೀಮ್‌ಮೇಟ್ ಹೋಲಿಕೆ, ಯಂತ್ರದೋಷದ ರೇಸ್‌ಗಳನ್ನು ಬಿಟ್ಟು. ಸಮಯವಿದ್ದರೆ ಎಲೊ.
6. ನಿಯಮಗಳನ್ನು ಸೀಸನ್ ಶುರುವಾಗುವ ಮೊದಲೇ ಬರೆದಿಡಿ. ಫಲಿತಾಂಶ ನೋಡಿಕೊಂಡು ನಿಯಮ ತಿದ್ದಿದರೆ ಇಷ್ಟದ ಚಾಲಕನನ್ನು ಮೇಲಕ್ಕೆ ತರುವುದು ಯಾರಿಗೂ ಕಷ್ಟವಲ್ಲ.

ಮರೆಯಬಾರದ ಮಾತು

ಚಾಲಕರು ಓಡಿಸುವುದು ಜಾರಿಯಲ್ಲಿರುವ ನಿಯಮಕ್ಕೆ ತಕ್ಕಂತೆ. ಇಂಟರ್‌ಲಾಗೋಸ್‌ನಲ್ಲಿ ಹ್ಯಾಮಿಲ್ಟನ್‌ಗೆ ಐದನೆಯ ಸ್ಥಾನ ಸಾಕಿತ್ತು, ಅವರು ಅದಕ್ಕಾಗಿಯೇ ಓಡಿಸಿದರು. ಪದಕ ಪದ್ಧತಿ ಇದ್ದಿದ್ದರೆ ಅವರು ವರ್ಷವಿಡೀ ಬೇರೆ ರೀತಿಯಲ್ಲಿ ಅಪಾಯ ಎದುರಿಸುತ್ತಿದ್ದರು. 1988ರಲ್ಲಿ ಎಲ್ಲ ರೇಸ್‌ಗಳನ್ನೂ ಎಣಿಸುತ್ತಾರೆಂದು ಗೊತ್ತಿದ್ದರೆ ಸೆನ್ನಾ ಕೂಡ ಬೇರೆ ಲೆಕ್ಕ ಹಾಕುತ್ತಿದ್ದರು. ಆದ್ದರಿಂದ ಮರುಲೆಕ್ಕದಿಂದ ಯಾರ ಪಟ್ಟವನ್ನೂ ಕಿತ್ತುಕೊಳ್ಳಲಾಗದು. ಎಲ್ಲರಿಗೂ ಮೊದಲೇ ತಿಳಿದಿದ್ದ ನಿಯಮದಡಿ ಗೆದ್ದ ಪಟ್ಟ ನ್ಯಾಯವಾದದ್ದೇ.

ಹಾಗಿದ್ದರೂ ಈ ಲೆಕ್ಕಗಳನ್ನು ಮಾಡಲೇಬೇಕು, ಏಕೆಂದರೆ ಪಟ್ಟ ಒಬ್ಬರಿಗೆ ಮಾತ್ರ. ಉಳಿದವರ ದುಡಿಮೆ ಅಂಕಪಟ್ಟಿಯ ಕೆಳಗಿನ ಸಾಲುಗಳಲ್ಲಿ, ಎಷ್ಟೋ ಸಲ ಬರೀ ಸೊನ್ನೆಯಾಗಿ ಉಳಿದುಹೋಗುತ್ತದೆ. ನಿಧಾನದ ಕಾರಿನಲ್ಲಿ ಕೂತು ಪ್ರತಿ ಭಾನುವಾರ ಟೀಮ್‌ಮೇಟ್‌ನನ್ನು ಸೋಲಿಸುತ್ತ, ಆದರೂ ಹದಿನಾಲ್ಕನೆಯವನಾಗಿ ಮುಗಿಸುವ ಚಾಲಕ ನಮ್ಮ ಗಮನಕ್ಕೆ ಬರುವುದು ಇಂಥ ಬೇರೆ ಅಳತೆಗಳಿಂದಲೇ. ಮುಂದಿನ ರೇಸ್‌ನಿಂದಲೇ ಒಂದು ಜೋಡಿಯನ್ನು ಆರಿಸಿಕೊಂಡು ಎಣಿಸಲು ಶುರುಮಾಡಿ. ಮೊದಲ ಐವರ ಜೊತೆಗೆ ಆ ಹದಿನಾಲ್ಕನೆಯವನನ್ನೂ ನೋಡಲು ಕಲಿತ ಮೇಲೆ ರೇಸ್‌ನ ಯಾವ ಲ್ಯಾಪ್ ಕೂಡ ನಿಮಗೆ ನೀರಸ ಅನ್ನಿಸುವುದಿಲ್ಲ.